ಗಾದೆಪ್ಪನ ಉಳಿಯ ಹಿಡಿ

ಬುರುಡೆ ಬಿಡುವವನೆಂದು ನನ್ನನ್ನು ಕುರುಗೋಡೆಲ್ಲ ಬಲ್ಲದು. ಆದರೆ ಊರಮ್ಮನ ಆಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಬಡಗಿ ಗಾದೆಪ್ಪ ಸಾಯುವ ಮುಂಚೆ ತನ್ನ ಉಳಿಯನ್ನು ನನ್ನ ಕೈಗೆ ಕೊಟ್ಟು, "ತುಕ್ಕು ತಗದು ಮಗನಿಗೆ ಕೊಡು. ಹಿಡಿ ಮಾತ್ರ ಉಜ್ಜಬ್ಯಾಡಲೇ, ನನ್ನ ಹೆಬ್ಬೆಟ್ಟಿನ ಗುಣಿ ಐತಿ" ಅಂದಿದ್ದ. ಸೀಮೆಎಣ್ಣೆ ಹಚ್ಚಿ ತುಕ್ಕು ತೆಗೆದ ಮೇಲೆ, ಚೆಂದ ಕಾಣಲೆಂದು ನಾನು ಹಿಡಿಯನ್ನೂ ಉಜ್ಜಿದೆ. ಗುಣಿ ಹೋಯಿತು.

ಮರುದಿನ ಅಂಗೈಯಲ್ಲಿ ದದ್ದು ಎದ್ದಿತು. ಬಳ್ಳಾರಿಯ ಡಾಕ್ಟರು, "ಸೀಮೆಎಣ್ಣಿ ಆಗಿಬಂದಿಲ್ಲ" ಎಂದು ಮುಲಾಮು ಕೊಟ್ಟರು. ದದ್ದು ಆರಿತು, ಹೆಬ್ಬೆಟ್ಟಿನಗಲದ ಗುಣಿ ಉಳಿಯಿತು. ಅಲ್ಲಷ್ಟೇ ತಣ್ಣಗಿರುತ್ತದೆ.

ನಿನ್ನೆ ಉಳಿ ಕೊಡಲು ಹೋಗಿ ಗಾದೆಪ್ಪನ ಮಗ ಹುಲುಗೇಶನಿಗೆ ಎಲ್ಲ ಹೇಳಿದೆ.

"ಸಾಕು ಬಿಡ್ರಿ ಮಾಮಾ, ನಿಮ್ಮ ಕತಿ" ಎಂದು ನಕ್ಕ.

ಅಂಗೈ ಚಾಚಿದೆ. ಅವನು ಗುಣಿಯಲ್ಲಿ ಹೆಬ್ಬೆಟ್ಟಿಟ್ಟ. ಸರಿಯಾಗಿ ಕೂತಿತು. ನಗು ನಿಂತಿತು.

"ತಪ್ಪಾತಪ್ಪಾ ಹುಲುಗೇಶ, ಉಳಿನಾದ್ರೂ ತಗೊಂಡು ನನ್ನ..." ಎಂದೆ.

ನನ್ನ ಮಾತು ಮುಗಿಯುವ ಮೊದಲೇ ಅವನು ಅಪ್ಪನ ಗುರುತಿಲ್ಲದ ಆ ಉಳಿಯನ್ನು ಅಲ್ಲೇ ಬಿಟ್ಟು ಎದ್ದು ಹೋದ.