ಹಿಗ್ಗುವ ಜಾಲರಿ

ಆ ಪರೀಕ್ಷಕ ಬೇಕಂತಲೇ ಮಾಡಿದನಾ? ನಿನ್ನೆ ನನ್ನೆದುರು ಜಾಲರಿಯನ್ನು ಹೊಗಳಿ, ಇವತ್ತು ಸಭೆಯಲ್ಲಿ ಎಲ್ಲರೆದುರು ‘ಬೇಡ’ ಅಂದುಬಿಟ್ಟನಲ್ಲ... ಯಾಕೆ?

ಎಲ್ಲರೂ ಎದ್ದು ಹೋದರೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಹೆರಿಗೆಯ ನಂತರ ಗರ್ಭಕೋಶ ಜಾರಿದ ಹೆಂಗಸರಿಗೆ ಒಳಗಿನಿಂದ ಆಸರೆಯಾಗಲೆಂದು ಅವಳೇ ರೂಪಿಸಿದ ಜಾಲರಿ ಅದು. ಅದಕ್ಕಾಗಿ ಕಾದವರಲ್ಲಿ ಅವಳ ಅಕ್ಕನೂ ಒಬ್ಬಳು. ಸೀನಲು ಹೆದರುವ, ಮಗಳನ್ನು ಎತ್ತಿಕೊಳ್ಳಲಾಗದ, ನಗು ಬಂದರೆ ತುಟಿ ಕಚ್ಚುವ ಅಕ್ಕ.

ಕೊನೆಗೆ ಎದ್ದವಳು ನೇರ ಪರೀಕ್ಷಾ ಕೋಣೆಗೆ ನುಗ್ಗಿದಳು. ಲ್ಯಾಬಿನವರೆಲ್ಲ ‘ಮೌನಿಬಾಬಾ’ ಎನ್ನುವ ಆ ಪರೀಕ್ಷಕ ಅಲ್ಲಿ ತನ್ನ ಯಂತ್ರ ಒರೆಸುತ್ತಿದ್ದ.

“‘ತುಂಬಾ ಗಟ್ಟಿಯಿದೆ’ ಅಂದಿದ್ರಿ ತಾನೇ? ಅಕ್ಕನಿಗೆ ಫೋನ್ ಮಾಡಿ ಕುಣಿದಾಡಿದೆ ನಾನು!”

ಅವನು ತಬ್ಬಿಬ್ಬಾದ. “ಅಯ್ಯೋ... ಅದು ಹೊಗಳಿಕೆ ಅಲ್ಲ. ದೂರು.”

“ದೂರಾ?! ಬಾಯಿಬಿಟ್ಟು ಹೇಳೋಕೇನಾಗಿತ್ತು?”

ಅವನು ಜಾಲರಿಯ ತುಂಡೊಂದನ್ನು ಅವಳ ಅಂಗೈಗಿಟ್ಟ. “ಮುಷ್ಟಿ ಬಿಗಿ ಮಾಡಿ. ಇನ್ನೂ...”

ಅಂಚು ಚುಚ್ಚಿತು. ಕೈ ಬಿಚ್ಚಿದರೆ ಕೆಂಪು ಗೆರೆ!

“ಇದು ಹರಿಯಲ್ಲ. ಆದ್ರೆ ನಿಮ್ಮಕ್ಕ ಕೆಮ್ಮಿದಾಗಲೆಲ್ಲ ಒಳಗಿನ ಮೆತ್ತನೆ ಮಾಂಸ ಹರಿಯುತ್ತೆ.”

ಅವನು ಹೇಳಿದ್ದು ಸರಿ. ಅದೇ ಅವಳನ್ನು ಹೆಚ್ಚು ನೋಯಿಸಿತು.

“ಅಕ್ಕಾ... ಆಗಲಿಲ್ಲ ಕಣೇ, ಮೌನಿಬಾಬಾ ತಪ್ಪು ಹಿಡಿದ್ರು. ಮೊದಲಿಂದ ಹೆಣೀತೀನಿ,” ಎಂದಳು ಫೋನಿನಲ್ಲಿ.

“ಹೆಣಿ. ಇಷ್ಟು ಕಾದೋಳಿಗೆ ಇನ್ನಷ್ಟು ಏನು ಮಹಾ? ತಪ್ಪು ಹಿಡಿದ ಆ ಬಾಬಾನ್ನ ಪಕ್ಕದಲ್ಲೇ ಕೂರಿಸ್ಕೋ. ಬಿಡಬೇಡ!”

ಬಿಡಲಿಲ್ಲ. ಅವಳು ಎಳೆ ಬದಲಿಸಿದಳು, ಹೆಣಿಗೆ ಬದಲಿಸಿದಳು. ಅವನು ಎಳೆದು ನೋಡಿ ಬೇಡವೆಂದ. ಮತ್ತೆ ಹೆಣೆದಳು. ಈಗ ಪ್ರತಿ ‘ಬೇಡ’ದ ಜೊತೆ ಕಾರಣವೂ ಇರುತ್ತಿತ್ತು. ಕಾರಣ ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ...

ಒಂದು ಮಧ್ಯಾಹ್ನ ಯಂತ್ರದಲ್ಲಿ ಜಾಲರಿ ಮೆಲ್ಲನೆ ಅಗಲವಾಯಿತು. ಬಿಟ್ಟೊಡನೆ ಮೊದಲಿನಂತಾಯಿತು.

“ಹಿಗ್ಗುತ್ತಿದೆ,” ಅಂದ.

“ಈ ಸಲ ಬಿಡಿಸಿ ಹೇಳಿ. ಹಿಗ್ತಿರೋದು ಯಾರು? ಜಾಲರಿನಾ, ನೀವಾ?”

ಅವನು ನಕ್ಕುಬಿಟ್ಟ. “ಇಬ್ಬರೂ.”

ಅವಳ ಕಣ್ಣು ತುಂಬಿತು. “ಅಕ್ಕನ ತನಕ ಹೋಗೋಕೆ ಇನ್ನೂ ಎಷ್ಟೋ ಪರೀಕ್ಷೆ ದಾಟಬೇಕು.”

“ದಾಟಿಸೋಣ. ಅದೆಲ್ಲ ಮುಗಿದ ಮೇಲೂ... ನಿಮ್ಮ ಪಕ್ಕದಲ್ಲೇ ಇರಬೇಕು ಅಂತಿದೆ ನಂಗೆ.”

“ಇಷ್ಟು ಹೇಳೋಕೆ ಇಷ್ಟು ಕಾಲ ಬೇಕಾಯ್ತಾ ಮಾರಾಯ್ರೆ?” ಅವಳು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಅವತ್ತು ಸಭೆಯಲ್ಲಿ ಬೇಡ ಅಂದಿದ್ದಕ್ಕೆ ಕ್ಷಮಿಸಿ ಎಂದು ಅವನು ಯಾವತ್ತೂ ಹೇಳಲಿಲ್ಲ; ಅವಳಿಗೂ ಅದು ಬೇಕೆನಿಸಲಿಲ್ಲ.