ಬೆಂಕಿಮೊಸಳೆಯೂ ದೇಮವ್ವನ ಹಸಿ ಗುರಾಣಿಯೂ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಬೆಚ್ಚಗಿದ್ದ ಕಾಲದಲ್ಲಿ, ಕಾವಳಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿದ್ದದ್ದು ಒಂದೇ ಕೆರೆ. ಧೂಮಾಕ್ಷನೆಂಬ ಮಾಂತ್ರಿಕ ಆ ಕೆರೆಯ ದಂಡೆಗೆ ಬೆಂಕಿ ಉಗುಳುವ ಮೊಸಳೆಯೊಂದನ್ನು ಕಾವಲಿಟ್ಟ. ನೀರಿಗೆ ಹೋದವರ ಮೇಲೆ ಅದು ಉಸಿರು ಬಿಟ್ಟರೆ ಸಾಕು, ಅವರು ಮಣ್ಣಿನ ಬೊಂಬೆಯಾಗಿ ನಿಂತುಬಿಡುತ್ತಿದ್ದರು. ಕುಂಬಾರರ ದೇಮವ್ವನ ಅಕ್ಕ ನಾಗವ್ವನೂ ಹಾಗೇ ನಿಂತಿದ್ದಳು.

ರಾಜನ ಕಬ್ಬಿಣದ ಗುರಾಣಿಗಳೆಲ್ಲ ಕರಗಿಹೋದವು. "ಬೆಂಕಿಗೆ ಜಗ್ಗದ್ದು ಸುಟ್ಟ ಮಣ್ಣೊಂದೇ. ಒಂದು ಗುರಾಣಿ ಮಾಡಿಕೊಡು ತಾಯಿ," ಎಂದ ರಾಜ, ದೇಮವ್ವನಿಗೆ.

ದೇಮವ್ವ ಮೊದಲನೆಯ ಗುರಾಣಿಯನ್ನು ಆವಿಗೆಯಲ್ಲಿ ದಿನಗಟ್ಟಲೆ ಸುಟ್ಟು, ಹಿಡಿದುಕೊಂಡು ಕೆರೆಗೆ ಹೋದಳು. ಮೊಸಳೆ ಬೆಂಕಿ ಉಗುಳಿತು, ಗುರಾಣಿ ತಡೆಯಿತು. ಬಾಲ ಬೀಸಿತು, ಗುರಾಣಿ ಚೂರಾಯಿತು. ಓಡಿಬಂದು ಚೂರನ್ನು ನೋಡಿದರೆ, ಮಣ್ಣಿನ ಕಣಗಳು ಊದಿಕೊಂಡು ಹುರಿಗಡಲೆಯಷ್ಟು ದಪ್ಪಗಾಗಿದ್ದವು. "ಚೆನ್ನಾಗಿ ಬೆಂದದ್ದೇ ತಪ್ಪಾಯಿತೇ?" ಅವಳಿಗೆ ತಲೆಬುಡ ತಿಳಿಯಲಿಲ್ಲ.

ಎರಡನೆಯದನ್ನು ತೆಳ್ಳಗೆ ಮಾಡಿ, ತಿದಿಯೊತ್ತಿ ಗಳಿಗೆಯಲ್ಲೇ ಸುಟ್ಟಳು. ಕಣಗಳು ಸಣ್ಣಗೇ ಉಳಿದವು. ಆದರೂ ಬಾಲದ ಏಟಿಗೆ ಅದೂ ಒಡೆಯಿತು. ಈ ಸಲ ಕಣಗಳು ಸಂತೆಯ ಜನರ ಹಾಗೆ ಒಂದೊಂದೂ ಒಂದೊಂದು ಕಡೆ ಮುಖಮಾಡಿದ್ದವು. ಅವುಗಳ ನಡುವೆ ಬಿರುಕು ನೆಟ್ಟಗೆ ನುಗ್ಗಿತ್ತು.

ಮೂರನೆಯದಕ್ಕೆ ಅವಳು ಕಾಗೆಬಂಗಾರದ ಚಪ್ಪಟೆ ಚೂರುಗಳನ್ನು ಮಣ್ಣಿಗೆ ಕಲಸಿ, ಅಂಗೈಯಿಂದ ಒಂದೇ ದಿಕ್ಕಿಗೆ ಸವರಿ, ಪದರದ ಮೇಲೆ ಪದರ ಹಚ್ಚಿದಳು. ಕಣಗಳೆಲ್ಲ ಒಂದೇ ಕಡೆಗೆ ಮಲಗಿದವು. ಗುರಾಣಿ ಒಣಗಿತು. ಆದರೆ ಸುಡುವುದು ಹೇಗೆ? ನಿಧಾನಕ್ಕೆ ಸುಟ್ಟರೆ ಕಣಗಳು ಊದುತ್ತವೆ. ಬೇಗ ಸುಡೋಣವೆಂದರೆ ಇಷ್ಟು ದಪ್ಪದ ಗುರಾಣಿಗೆ ತಿದಿಯ ಬೆಂಕಿ ಸಾಲದು. ಅವಳು ದಿಕ್ಕುತೋಚದೆ ಕುಳಿತಿರುವಾಗಲೇ ಹೊರಗೆ ಕೂಗೆದ್ದಿತು.

"ಮೊಸಳೆ ಬೊಂಬೆಗಳನ್ನು ಒಡೆಯೋಕೆ ಬರ್ತಾ ಇದೆ!"

ದೇಮವ್ವ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದಳು. ಅಕ್ಕನಿಗೆ ಅಡ್ಡ ನಿಂತಾಗಲೇ ಗೊತ್ತಾದದ್ದು. "ಅಯ್ಯೋ, ಇದು ಹಸಿಯದು! ಸುಟ್ಟೇ ಇಲ್ಲ!"

ಮೊಸಳೆ ಬಾಯಿ ತೆರೆಯಿತು. ಅವಳು ಕಣ್ಣುಮುಚ್ಚಿ, ಮೈಭಾರವೆಲ್ಲ ಹಾಕಿ ಗುರಾಣಿಯನ್ನು ಒತ್ತಿ ಹಿಡಿದಳು. ಗುರಾಣಿ ಕೆಂಪಗಾಯಿತು, ಬೆಳ್ಳಗಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂದು ಗಟ್ಟಿಯಾಯಿತು. ಕಣಗಳಿಗೆ ಊದಲು ಹೊತ್ತೇ ಸಿಗಲಿಲ್ಲ.

ಬಾಲ ಬಂದು ಅಪ್ಪಳಿಸಿತು. ಬಿರುಕೊಂದು ಹುಟ್ಟಿ, ಪದರಗಳ ನಡುವೆ ದಾರಿತಪ್ಪಿ ಅಲೆದು, ಅಲ್ಲೇ ನಿಂತಿತು. ಮುರಿದದ್ದು ಬಾಲ! ಧೂಮಾಕ್ಷನ ಪ್ರಾಣವಿದ್ದದ್ದು ಆ ಬಾಲದಲ್ಲೇ. ಅವನು ಹೊಗೆಯಾಗಿ ಹೋದ, ಮೊಸಳೆ ಹಲ್ಲಿಯಾಗಿ ಕಲ್ಲಿನ ಸಂದಿಗೆ ನುಸುಳಿತು.

ಬೊಂಬೆಗಳ ಮೈಯಲ್ಲಿ ಮತ್ತೆ ರಕ್ತ ಹರಿದು ಜೀವ ಬಂತು. ನಾಗವ್ವ ಕಣ್ಣುಜ್ಜಿಕೊಂಡಳು. "ಏನಾಯ್ತೇ ದೇಮಿ?"

"ನನಗೂ ಸರಿಯಾಗಿ ಗೊತ್ತಾಗ್ತಿಲ್ಲ ಅಕ್ಕಾ. ನಾನು ಹಸಿ ಗುರಾಣಿಯನ್ನೇ ತಂದೆ. ಸುಟ್ಟುಕೊಟ್ಟಿದ್ದು ಆ ಮೊಸಳೆಯೇ!"

ಇಬ್ಬರೂ ತಬ್ಬಿಕೊಂಡು ನಕ್ಕರು, ಅತ್ತರು. ಅಂದು ಊರಿನ ಪ್ರತಿ ಒಲೆಯ ಮೇಲೂ ಎಸರು ಕುದಿಯಿತು. ಕಾವಳಪುರದವರು ಮಕ್ಕಳು ಮೊಮ್ಮಕ್ಕಳೊಂದಿಗೆ ತಣ್ಣಗೆ ಬಾಳಿದರು.