ಐದನೇ ದೀಪದ ಹಕ್ಕಿ

ಕಾರ್ಡು ಆಟದ ಪಂದ್ಯಾವಳಿಯ ಫೈನಲ್‌ಗೆ ಮುಂಚಿನ ತಪಾಸಣೆಯಲ್ಲಿ ಅದು ಸಿಕ್ಕಿಬಿತ್ತು. ಹುಡುಗಿಯ ಡೆಕ್ಕಿನಲ್ಲಿ, ಅಂದರೆ ಅವಳು ಆಡಲು ತಂದ ಕಟ್ಟಿನಲ್ಲಿ, ನಿಯಮದಂತೆ ಕಾರ್ಡುಗಳು ಸರಿಯಾಗಿ ಅರವತ್ತೇ ಇದ್ದವು. ಆದರೆ ‘ದೀಪದ ಹಕ್ಕಿ’ ಐದು. ಯಾವ ಕಾರ್ಡೂ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಇದ್ದರೆ ಮೋಸ. ಮೋಸಕ್ಕೆ ಒಂದು ವರ್ಷ ಆಟವಿಲ್ಲ.

ತೀರ್ಪುಗಾರ್ತಿ ಐದನ್ನೂ ಮೇಜಿನ ಮೇಲೆ ಹರವಿದಳು. ಕೊಕ್ಕಿನಲ್ಲಿ ದೀಪ ಕಚ್ಚಿಕೊಂಡ ಐದು ಹಕ್ಕಿಗಳು, ದಾರಿ ತಪ್ಪಿದ ಯಾರನ್ನೋ ಹುಡುಕಿ ಹೊರಟಂತಿದ್ದವು.

“ನಾನು ಹಾಕಿಲ್ಲ ಮೇಡಂ.” ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

“ಮತ್ತೆ ಹಕ್ಕಿ ತಾನೇ ಮರಿ ಹಾಕ್ತಾ?” ಎಂದ ಎದುರಾಳಿ. ಎಲ್ಲರೂ ಅವನನ್ನು ಮೊಸಳೆ ಎನ್ನುತ್ತಿದ್ದರು.

ಹುಡುಗಿಯ ಅಣ್ಣ ರೇಗಿದ. ತಂಗಿಗೆ ಆಟ ಕಲಿಸಿದವನು ಅವನೇ. “ನಿಂದೇ ಕೆಲ್ಸ ಕಣೋ ಇದು! ಅವಳ ಡೆಕ್ಕಲ್ಲಿ ನಾಲ್ಕೇ ಹಕ್ಕಿ ಇರೋದು. ನಂಗೊತ್ತಿಲ್ವಾ?”

* * *

ತಪಾಸಣೆಗೆ ಮುಂಚೆ, ಊಟದ ಹೊತ್ತಿನಲ್ಲಿ, ಡೆಕ್ಕಿದ್ದ ಹುಡುಗಿಯ ಚೀಲ ಬೆಂಚಿನ ಮೇಲಿತ್ತು. ಪಕ್ಕದಲ್ಲೇ ಮೊಸಳೆ ಕೂತಿದ್ದ. ಅನುಮಾನ ಸಹಜ.

“ಜೇಬು ನೋಡಿ ಮೇಡಂ,” ಎಂದು ಅವನೇ ಬರಿದು ಮಾಡಿದ. ಅವನ ಕಾರ್ಡುಗಳಿಗೆ ತೊಡಿಸಿದ ಪ್ಲಾಸ್ಟಿಕ್ ಕವರುಗಳೆಲ್ಲ ಕಪ್ಪು. ಹುಡುಗಿಯ ಉಳಿದ ಕಾರ್ಡುಗಳಂತೆ ಐದೂ ಹಕ್ಕಿಗಳ ಕವರು ಹಸಿರು. ಅಲ್ಲೇ ಕಾರ್ಡು, ಕವರು ಮಾರುತ್ತಿದ್ದ ಅಂಗಡಿಯವನನ್ನು ಕೇಳಿದರೆ, ಹಸಿರು ಕವರು ಖಾಲಿಯಾಗಿ ವಾರವಾಯಿತು ಎಂದ.

ತೀರ್ಪುಗಾರ್ತಿ ಹುಡುಗಿಯನ್ನು ಪಕ್ಕಕ್ಕೆ ಕರೆದಳು.

“ಯಾವ ಕಾರ್ಡು ಕಾಣಿಸ್ತಿಲ್ಲಮ್ಮ?”

“ನಿದ್ದೆಯ ಕೋಟೆ. ಒಂದೇ ಇತ್ತು. ಕೈಗೆ ಬರೋದೇ ಅಪರೂಪ. ಆದ್ರೂ ಬಿಡೋಕೆ ಮನಸ್ಸಿಲ್ಲ.”

“ಹಕ್ಕಿ ಎಷ್ಟಿಟ್ಟಿದ್ದೆ?”

“ಯಾವಾಗ್ಲೂ ಮೂರು. ಹಕ್ಕಿ ಆಡಿದ್ರೆ ಇನ್ನೆರಡು ಕಾರ್ಡು ಎಳ್ಕೋಬಹುದು. ಅದಕ್ಕೆ ಇವತ್ತು ಬೆಳಗ್ಗೆ ಒಂದು ಗುರಾಣಿ ಕಾರ್ಡು ತೆಗೆದು ಹಕ್ಕಿ ನಾಲ್ಕು ಮಾಡ್ದೆ.”

“ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ.”

* * *

ಎಲ್ಲರೂ ಮೇಜಿನ ಸುತ್ತ ಸೇರಿದರು.

“ಸಿಕ್ಕಿಹಾಕಿಸೋಕೆ ಬಂದವನು ಒಂದು ಕಾರ್ಡು ತುರುಕಿ ಓಡ್ತಾನೆ. ಅರವತ್ತೊಂದಾದ್ರೆ ಅವನಿಗೇನು?” ಎಂದಳು ತೀರ್ಪುಗಾರ್ತಿ. “ಇಲ್ಲಿ ಲೆಕ್ಕ ಸರಿ ಮಾಡಿದ್ದಾರೆ. ಅದೂ ಅಪರೂಪಕ್ಕೆ ಬರೋ ಕೋಟೇನೇ ಹುಡುಕಿ ತೆಗೆದು. ಇದು ಕೆಡಿಸಿದ್ದಲ್ಲ, ರಿಪೇರಿ.”

ಅಣ್ಣ ಕಾಲು ಬದಲಿಸಿ ನಿಂತ.

“ನೋಡಪ್ಪ, ಇವಳು ನಾಲ್ಕು ಹಕ್ಕಿ ಇಟ್ಟಿದ್ದು ಯಾರಿಗೂ ಗೊತ್ತಿಲ್ಲ. ನಿಮ್ಮನೇಲೆಲ್ಲ ಗೊತ್ತಿದ್ದದ್ದು ಮೂರು. ನೀನು ಮಾತ್ರ ನಾಲ್ಕು ಅಂದೆ. ಹೇಗೆ?”

 ಅಣ್ಣನ ಜೇಬಿನಿಂದ ಹಸಿರು ಕವರಿನ ಕೋಟೆ ಹೊರಬಂತು.

“ಹಕ್ಕಿ ಮೂರೇ ಇದ್ರೆ ಬೇಕಾದಾಗ ಬರಲ್ಲ. ಆ ಒಂಟಿ ಕೋಟೆ ಬರೀ ಭಾರ,” ಎಂದು ತೊದಲಿದ. “ಹೇಳಿ ಹೇಳಿ ಸಾಕಾಯ್ತು. ಇವಳು ನನ್ ಮಾತು ಕೇಳಲ್ವಲ್ಲ! ಊಟದ ಹೊತ್ತಲ್ಲಿ ಮೂರಕ್ಕೆ ಒಂದು ಸೇರಿಸ್ದೆ, ಅಷ್ಟೇ. ಎಣಿಸ್ಲಿಲ್ಲ. ಇವಳ ಡೆಕ್ಕು ನಂಗೆ ಬಾಯಿಪಾಠ ಅಂದ್ಕೊಂಡಿದ್ದೆ.”

“ಕೇಳಿದ್ದೆ ಕಣೋ ಅಣ್ಣ,” ಎಂದಳು ಹುಡುಗಿ. “ನಾಲ್ಕನೇದು ಹಾಕಿದ್ದು ನಿನ್ ಮಾತಿಗೇ.”

ಅವನು ಕೋಟೆಯನ್ನು ಹಕ್ಕಿಗಳ ಪಕ್ಕ ಇಟ್ಟ.

ತೀರ್ಪು ಬಂತು. ಫೈನಲಿನ ಮೂರು ಆಟಗಳಲ್ಲಿ ಮೊದಲನೆಯದು ದಂಡವಾಗಿ ಮೊಸಳೆಗೆ. ಅಣ್ಣನಿಗೆ ಒಂದು ವರ್ಷ ಪಂದ್ಯದ ಜಾಗಕ್ಕೆ ಪ್ರವೇಶವಿಲ್ಲ. ಐದನೇ ಹಕ್ಕಿ ತೆಗೆದು, ಕೋಟೆ ಮರಳಿ ಸೇರಿಸಿ, ಹುಡುಗಿ ಉಳಿದದ್ದನ್ನು ಆಡಬಹುದು.

ಅವಳು ಕಾರ್ಡು ಕಲೆಸತೊಡಗಿದಳು. ಬಾಗಿಲ ತನಕ ಹೋದ ಅಣ್ಣ ತಿರುಗಿ ನಿಂತ.

“ಮೊದಲು ಹಕ್ಕಿ ಬಂದ್ರೆ...”

“ಅಣ್ಣಾ.”

ಅವನು ಬಾಗಿಲು ಮುಚ್ಚಿಕೊಂಡು ಹೊರಗೆ ಹೋದ.